ನೆಲೆ ಅರಸಿ ಬಂದವರು ಮತ್ತು ಕರ್ನಾಟಕದ ಮೈದಾನಗಳು

ಸಾರಕ್ಕಿ ಒಂದು ಕಾಲಕ್ಕೆ ಕೆರೆ, ಗದ್ದೆ, ತೋಟಗಳ ಹಳ್ಳಿ. ಕನಕಪುರ ರಸ್ತೆಯ ಅಕ್ಕಪಕ್ಕ ಜೆ.ಪಿ. ನಗರದ ಹಂತಗಳು ಒಂದೊಂದಾಗಿ ಎದ್ದ ಮೇಲೆ ಹಳ್ಳಿ ಬಡಾವಣೆಗಳೊಳಗೆ ಕರಗಿತು. ಬೆಳಗಿನ ಜಾವ ಸಾರಕ್ಕಿ ಮಾರ್ಕೆಟ್ಟಿನಲ್ಲಿ ಒಂದು ಸುತ್ತು ಹಾಕಿದರೆ ಸೊಪ್ಪಿನ ಕಂತೆ ಇಳಿಸುವವರು, ಹೂವಿನ ಮೂಟೆ ಬಿಚ್ಚುವವರು, ಚಹಾ ಹಂಚುವ ಹುಡುಗರು ನಾಲ್ಕೈದು ಭಾಷೆಗಳಲ್ಲಿ ಮಾತಾಡುವುದು ಕೇಳುತ್ತದೆ. ಇವರಲ್ಲಿ ಕೂಲಿಗೆಂದು ಬಂದವರು, ಓದಿಗೆಂದು ಬಂದವರು, ತಮ್ಮ ಊರಲ್ಲಿ ಬಾಳಲಾಗದೆ ಬಂದವರು ಎಲ್ಲರೂ ಇದ್ದಾರೆ. ಅಂಥವರನ್ನು ಆಟದ ಮೂಲಕ ಊರಿನವರನ್ನಾಗಿ ಮಾಡಿಕೊಳ್ಳಲು ಸಾಧ್ಯವೇ? ನಮ್ಮ ರಾಜ್ಯದಲ್ಲಿ ಈ ಕೆಲಸ ನಡೆದದ್ದೆಲ್ಲಿ, ನಡೆಸಿದವರು ಯಾರು, ಉಳಿದದ್ದೇನು? ಸಾರಕ್ಕಿಯ ಕ್ರೀಡಾಸಕ್ತರ ಈ ಸ್ಮರಣ ಸಂಚಿಕೆಗೆ ಆ ಚರಿತ್ರೆಯನ್ನು ಬರೆದುಕೊಡುವುದು ಉಪಯುಕ್ತ ಎನಿಸಿತು.

ಈ ಚರಿತ್ರೆಯಲ್ಲಿ ಎರಡು ಮುಖ್ಯ ಪ್ರಯೋಗಗಳಿವೆ. ಒಂದು, ನಿರಾಶ್ರಿತರಾಗಿ ಬಂದ ಟಿಬೆಟನ್ನರು ತಾವಾಗಿಯೇ ಕಟ್ಟಿಕೊಂಡ ಫುಟ್‌ಬಾಲ್ ವ್ಯವಸ್ಥೆ. ಇನ್ನೊಂದು, ಉತ್ತರ ಕನ್ನಡದ ಸಿದ್ದಿ ಮಕ್ಕಳಿಗಾಗಿ ಸರ್ಕಾರ ಕಟ್ಟಿ, ಸರ್ಕಾರವೇ ಮುಚ್ಚಿದ ಅಥ್ಲೆಟಿಕ್ಸ್ ಯೋಜನೆ. ಒಂದು ನಾಲ್ಕು ದಶಕ ಬಾಳಿತು, ಇನ್ನೊಂದು ಆರೇ ವರ್ಷಕ್ಕೆ ನಿಂತಿತು. ಈ ವ್ಯತ್ಯಾಸಕ್ಕೆ ಕಾರಣ ಹುಡುಕುವುದೇ ಈ ಲೇಖನದ ಕೆಲಸ.

ಬೈಲಕುಪ್ಪೆ: ಕಾಡು ಕಡಿದು ಮಾಡಿದ ಊರು

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲ್ಹಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಬೆನ್ನಿಗೆ ಸುಮಾರು 80,000 ಟಿಬೆಟನ್ನರು ಹಿಮಾಲಯ ದಾಟಿದರು. ಬಹುಪಾಲು ಜನರಿಗೆ ಮೊದಲು ಸಿಕ್ಕಿದ್ದು ಗುಡ್ಡಗಾಡಿನಲ್ಲಿ ರಸ್ತೆ ಮಾಡುವ ಕೂಲಿ. ಇವರಿಗೆ ಕಾಯಂ ನೆಲೆ ಬೇಕೆಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ, ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಭೂಮಿಯನ್ನು ಗುತ್ತಿಗೆಗೆ ಕೊಟ್ಟಿತು. ಈ ಔದಾರ್ಯಕ್ಕಾಗಿ ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

1960ರ ಕೊನೆಗೆ ಮೊದಲ ತಂಡ ಬಂದಿಳಿದಾಗ ಅಲ್ಲಿದ್ದದ್ದು ಕಾಡು. ಡೇರೆಗಳಲ್ಲಿ ವಾಸ, ರಾತ್ರಿ ಆನೆಗಳ ಕಾಟ, ಹಗಲು ಮರ ಕಡಿದು ಬುಡ ಸುಡುವ ಕೆಲಸ. ತಣ್ಣಗಿನ ಎತ್ತರದ ನಾಡಿನಿಂದ ಬಂದವರಿಗೆ ಇಲ್ಲಿನ ಸೆಕೆಯೇ ದೊಡ್ಡ ಶಿಕ್ಷೆ. ಹಾಗೆ ಬಯಲಾದ ನೆಲದಲ್ಲಿ ಮುಸುಕಿನ ಜೋಳ ಬಿತ್ತಿದರು. ಸಹಕಾರ ಸಂಘ, ಆಸ್ಪತ್ರೆ, ಕಂಬಳಿ ನೇಯುವ ಕೇಂದ್ರ, ಶಾಲೆ, ಮಠ ಒಂದೊಂದಾಗಿ ಬಂದವು. ಈ ಮೊದಲ ನೆಲೆಗೆ ಲುಗ್ಸುಂಗ್ ಸಮ್ದುಪ್ಲಿಂಗ್ ಎಂದು ಹೆಸರು. 1969ರಲ್ಲಿ ಪಕ್ಕದಲ್ಲೇ ಡಿಕಿ ಲಾರ್ಸೊ ಎಂಬ ಎರಡನೆಯ ನೆಲೆ ಸೇರಿಕೊಂಡಿತು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡ, 1972ರಲ್ಲಿ ಹುಣಸೂರಿನ ಗುರುಪುರ, 1974ರಲ್ಲಿ ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ ಹೀಗೆ ರಾಜ್ಯದಲ್ಲಿ ಐದು ನೆಲೆಗಳಾದವು. ಭಾರತದಲ್ಲಿ ಅತಿ ಹೆಚ್ಚು ಟಿಬೆಟನ್ನರಿಗೆ ಜಾಗ ಕೊಟ್ಟ ರಾಜ್ಯ ಎಂಬ ಹೆಸರು ಕರ್ನಾಟಕಕ್ಕೆ ಬಂದದ್ದು ಹೀಗೆ.

ಸುತ್ತಲಿನ ಕನ್ನಡಿಗರ ಬಾಯಲ್ಲಿ ಈ ಊರುಗಳಿಗೆ ಹೆಸರಿಗಿಂತ ನಂಬರೇ ಹೆಚ್ಚು: ಒಂದನೇ ಕ್ಯಾಂಪು, ಎರಡನೇ ಕ್ಯಾಂಪು, ನಾಲ್ಕನೇ ಕ್ಯಾಂಪು. ಪ್ರತಿ ಕ್ಯಾಂಪಿಗೂ ಒಬ್ಬ ಮುಖಂಡ, ಎಲ್ಲದರ ಮೇಲೆ ಒಂದು ಸೆಟಲ್‌ಮೆಂಟ್ ಆಫೀಸು. ಈ ಆಡಳಿತದ ಅಚ್ಚುಕಟ್ಟುತನ ಮುಂದೆ ಆಟಕ್ಕೂ ನೆರವಾಯಿತು. ಪಂದ್ಯಾವಳಿ ಮಾಡಬೇಕೆಂದರೆ ಚೀಟಿ ಎತ್ತಲು ಕ್ಯಾಂಪುಗಳಿದ್ದವು, ಊಟ ಹಾಕಲು ಸಹಕಾರ ಸಂಘವಿತ್ತು, ಮೈದಾನಕ್ಕೆ ಶಾಲೆಯ ಬಯಲಿತ್ತು. 1970ರಲ್ಲಿ ಟಿಬೆಟನ್ ಯೂತ್ ಕಾಂಗ್ರೆಸ್ ಹುಟ್ಟಿದ ಮೇಲೆ ಓಡಾಡಿ ಕೆಲಸ ಮಾಡುವ ಯುವಕರೂ ಸಿಕ್ಕರು.

ತಾಯಿಯ ಹೆಸರಿನ ಕಪ್

ಟಿಬೆಟನ್ನರಿಗೆ ಫುಟ್‌ಬಾಲ್ ಭಾರತಕ್ಕೆ ಬಂದ ಮೇಲೆ ಕಲಿತ ಆಟವಲ್ಲ. 1936ರಲ್ಲಿ ಲ್ಹಾಸಾಕ್ಕೆ ಹೋದ ಬ್ರಿಟಿಷ್ ನಿಯೋಗದವರು ಅಲ್ಲಿ ತಂಡ ಕಟ್ಟಿ ಸ್ಥಳೀಯ ತಂಡದೊಂದಿಗೆ ಆಡಿದ ದಾಖಲೆ ಇದೆ. ಆದರೆ ಅದು ಊರ ಜನರ ಆಟವಾಗಿ ಬೆಳೆದದ್ದು ದೇಶ ಬಿಟ್ಟ ಮೇಲೆ, ಶಾಲೆಗಳ ಮೈದಾನಗಳಲ್ಲಿ. ಟಿಬೆಟನ್ ಮಕ್ಕಳಿಗಾಗಿ ಭಾರತ ಸರ್ಕಾರ 1961ರಲ್ಲಿ ಪ್ರತ್ಯೇಕ ಶಾಲಾ ಆಡಳಿತವೊಂದನ್ನು ಸ್ಥಾಪಿಸಿತು. ಬೈಲಕುಪ್ಪೆ, ಮುಂಡಗೋಡಗಳಲ್ಲಿ ತೆರೆದ ಶಾಲೆಗಳಿಗೆ ಬಯಲಿನ ಕೊರತೆ ಇರಲಿಲ್ಲ. ಬ್ಯಾಟು, ಪ್ಯಾಡು, ಸ್ಟಿಕ್ಕು ಕೊಳ್ಳುವ ಶಕ್ತಿ ಇಲ್ಲದ ಮಕ್ಕಳಿಗೆ ಒಂದು ಚೆಂಡು ಸಾಕಾಗುವ ಆಟವೇ ಹಿಡಿಸಿತು.

1981ರಲ್ಲಿ ದಲೈ ಲಾಮಾ ಅವರ ತಾಯಿ ಡೆಕಿ ತ್ಸೆರಿಂಗ್ ಧರ್ಮಶಾಲಾದಲ್ಲಿ ತೀರಿಕೊಂಡರು. ಅವರ ನೆನಪಿಗೆಂದು ಆರಂಭವಾದದ್ದು ಗ್ಯಾಲ್ಯುಂ ಚೆನ್ಮೊ ಮೆಮೋರಿಯಲ್ ಗೋಲ್ಡ್ ಕಪ್. ಟಿಬೆಟನ್ ಹುಡುಗರು ಅದನ್ನು ಚಿಕ್ಕದಾಗಿ ‘ಜಿಸಿಎಂ’ ಎನ್ನುತ್ತಾರೆ. ಭಾರತ ಮತ್ತು ನೇಪಾಳದ ಟಿಬೆಟನ್ ನೆಲೆಗಳ ತಂಡಗಳು ಇದರಲ್ಲಿ ಸೇರುತ್ತವೆ. ಪಂದ್ಯಾವಳಿ ಒಂದೇ ಊರಿಗೆ ಕಟ್ಟುಬಿದ್ದಿಲ್ಲ. ಒಮ್ಮೆ ಉತ್ತರದ ನೆಲೆ, ಇನ್ನೊಮ್ಮೆ ದಕ್ಷಿಣದ ನೆಲೆ ಆತಿಥ್ಯ ವಹಿಸುತ್ತದೆ. ಬೈಲಕುಪ್ಪೆಗೆ ಈ ಸರದಿ ಬಂದಾಗ ಬೇರೆ ಬೇರೆ ರಾಜ್ಯಗಳಿಂದ ರೈಲು, ಬಸ್ಸು ಹಿಡಿದು ಬಂದ ತಂಡಗಳು ಕ್ಯಾಂಪುಗಳಲ್ಲಿ ಬೀಡುಬಿಡುತ್ತವೆ. ಬಂಧುಗಳು ಸಿಗುತ್ತಾರೆ, ಮದುವೆ ಮಾತು ನಡೆಯುತ್ತದೆ, ಊರೂರಿನ ಸುದ್ದಿ ಕೈ ಬದಲಾಗುತ್ತದೆ. ಚಳಿಗಾಲದಲ್ಲಿ ಸ್ವೆಟರ್ ಮಾರಲು ನಗರ ನಗರಗಳಿಗೆ ಚದುರಿಹೋಗುವ ಜನರಿಗೆ ಇಂಥ ಒಂದು ಕೂಟದ ಬೆಲೆ ಏನೆಂದು ಹೇಳಬೇಕಾಗಿಲ್ಲ.

ಕಾವೇರಿಯ ಆಚೆ ದಡದ ಕೊಡಗಿನಲ್ಲೂ ಇದೇ ಬಗೆಯ ವ್ಯವಸ್ಥೆ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳ ತಂಡಗಳೊಂದಿಗೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವವನ್ನು ವರ್ಷಕ್ಕೊಂದು ಕುಟುಂಬ ಹೊಣೆ ಹೊತ್ತು ನಡೆಸುತ್ತದೆ. ಎರಡೂ ಕಡೆ ಗುಟ್ಟು ಒಂದೇ. ಹೊಣೆ ಸರದಿಯಂತೆ ಬರುವುದರಿಂದ ಯಾರಿಗೂ ಭಾರವಾಗುವುದಿಲ್ಲ, ಯಾರಿಗೂ ಅದು ಹಕ್ಕಿನ ಆಸ್ತಿಯೂ ಆಗುವುದಿಲ್ಲ. ಮುಂದಿನ ಬಾರಿ ಯಾರ ಪಾಳಿ ಎಂದು ಗೊತ್ತಿರುವ ಪಂದ್ಯಾವಳಿ ಸುಲಭಕ್ಕೆ ಸಾಯುವುದಿಲ್ಲ.

ಕೋಪನ್‌ಹೇಗನ್‌ನ ಒಂದು ಸಂಜೆ

2001ರ ಜೂನ್ 30ರಂದು ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಟಿಬೆಟ್ ಎಂಬ ಹೆಸರಿನ ಫುಟ್‌ಬಾಲ್ ತಂಡ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿತು. ಎದುರಾಳಿ ಗ್ರೀನ್‌ಲ್ಯಾಂಡ್. ಇಬ್ಬರಿಗೂ ಫಿಫಾದ ಮಾನ್ಯತೆ ಇರಲಿಲ್ಲ. ಚೀನಾ ಆಕ್ಷೇಪಿಸಿತು, ಆದರೂ ಪಂದ್ಯ ನಡೆಯಿತು. ಮೊದಲ ಗೋಲು ಹೊಡೆದದ್ದು ಟಿಬೆಟ್ ತಂಡ. ಕೊನೆಗೆ ಗೆದ್ದದ್ದು ಗ್ರೀನ್‌ಲ್ಯಾಂಡ್, 4–1ರಿಂದ. ಈ ಪಂದ್ಯದ ಹಿಂದಿನ ಒದ್ದಾಟವನ್ನು 2003ರ ‘ದಿ ಫರ್ಬಿಡನ್ ಟೀಮ್’ ಸಾಕ್ಷ್ಯಚಿತ್ರ ದಾಖಲಿಸಿದೆ.

ಆ ಒದ್ದಾಟದ ಬಹುಪಾಲು ಮೈದಾನದ ಹೊರಗಿನದು, ಕಾಗದಪತ್ರದ್ದು. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ಟಿಬೆಟನ್ನರು ಇಲ್ಲಿರುವುದು ವಿದೇಶಿಯರ ನೋಂದಣಿ ಪತ್ರದ ಮೇಲೆ. ಆ ಪತ್ರವನ್ನು ಅವರು ‘ಆರ್‌ಸಿ’ ಎನ್ನುತ್ತಾರೆ. ಅವಧಿ ಮುಗಿಯುವ ಮೊದಲೇ ನವೀಕರಿಸಬೇಕು. ವಿದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ‘ಐಸಿ’ ಎಂಬ ಗುರುತಿನ ಪುಸ್ತಕ. ಅದನ್ನು ಹಿಡಿದು ರಾಯಭಾರ ಕಚೇರಿಯ ಸಾಲಿನಲ್ಲಿ ನಿಂತವರಿಗೆ ವೀಸಾ ಸಿಗುವುದು ಎಷ್ಟು ಕಷ್ಟ ಎಂಬುದು ಚೆನ್ನಾಗಿ ಗೊತ್ತು. ಡ್ರಿಬ್ಲಿಂಗ್‌ನಲ್ಲಿ ಎಷ್ಟೇ ಪಳಗಿದ್ದರೂ ಕಾಗದ ಸರಿಯಿಲ್ಲದ ಆಟಗಾರ ತಂಡದ ಪಟ್ಟಿಯಿಂದ ಹೊರಗೆ.

ಭಾರತದ ಪರವಾಗಿ ಆಡುವ ಬಾಗಿಲೂ ಇವರಿಗೆ ಸಲೀಸಾಗಿ ತೆರೆದಿಲ್ಲ. ರಾಷ್ಟ್ರೀಯ ತಂಡಕ್ಕೆ ಭಾರತದ ಪಾಸ್‌ಪೋರ್ಟ್ ಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಎಂದು 2010ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದೇ ನಿಲುವು ತಾಳಿತು. 1987ರ ಆ ದಿನಾಂಕದ ನಂತರ ಬೈಲಕುಪ್ಪೆಯಲ್ಲಿ ಹುಟ್ಟಿ, ಕನ್ನಡ ಕಲಿತು, ಕುಶಾಲನಗರದ ಬಸ್‌ಸ್ಟ್ಯಾಂಡಿನಲ್ಲಿ ಬೆಳೆದ ಹುಡುಗನಿಗೆ ಈ ತೀರ್ಪಿನಿಂದ ನೇರ ಲಾಭವಿಲ್ಲ. ಆಟ ಎಲ್ಲರನ್ನೂ ಸಮ ಮಾಡುತ್ತದೆ ಎಂದು ಭಾಷಣ ಮಾಡುವವರು ಈ ಗೆರೆಯನ್ನು ಮರೆಯಬಾರದು.

ಜಿಸಿಎಂ ಕಪ್ಪಿನ ಮಿತಿಯನ್ನೂ ಇಲ್ಲೇ ಹೇಳಿಬಿಡಬೇಕು. ಚದುರಿದ ಒಂದು ಜನಾಂಗವನ್ನು ಅದು ಒಟ್ಟಿಗೆ ಹಿಡಿದಿಟ್ಟಿತು. ಆ ಕೆಲಸವನ್ನು ಅಮೋಘವಾಗಿ ಮಾಡಿತು. ಆದರೆ ಪಕ್ಕದ ಹಳ್ಳಿಯ ಹುಡುಗ ಅಲ್ಲಿ ಪ್ರೇಕ್ಷಕ ಮಾತ್ರ. ಟಿಬೆಟನ್ನರು ಮತ್ತು ಸುತ್ತಲಿನ ಊರಿನವರ ನಡುವೆ ವ್ಯಾಪಾರದ ನಂಟು ಬೆಳೆದಷ್ಟು ಒಂದೇ ತಂಡದಲ್ಲಿ ಆಡುವ ನಂಟು ಬೆಳೆದಿಲ್ಲ. 2018ರ ಆಗಸ್ಟ್ 10ರಂದು ಬೆಂಗಳೂರಿನಲ್ಲಿ ದಲೈ ಲಾಮಾ ಅವರ ಸಮ್ಮುಖದಲ್ಲಿ ಟಿಬೆಟನ್ನರು ‘ಥ್ಯಾಂಕ್ ಯೂ ಕರ್ನಾಟಕ’ ಎಂಬ ಕೃತಜ್ಞತಾ ಸಮಾರಂಭ ನಡೆಸಿದರು. ಆ ಧನ್ಯವಾದಕ್ಕೆ ನಮ್ಮ ಕಡೆಯ ಉತ್ತರವಾಗಿ ಒಂದು ಕೂಡು ಪಂದ್ಯಾವಳಿಯನ್ನಾದರೂ ಆರಂಭಿಸಬಹುದಿತ್ತು.

ಸಿದ್ದಿ ಮಕ್ಕಳು: ಆರು ವರ್ಷದ ಓಟ

ಎರಡನೆಯ ಕಥೆಗೆ ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಾಡಂಚಿಗೆ ಹೋಗಬೇಕು. ಸಿದ್ದಿಗಳ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕಾದಿಂದ ಹಡಗುಗಳಲ್ಲಿ ಬಂದವರು. ಗೋವಾದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕವರು ಅವರಲ್ಲಿ ಹಲವರು. ನಿರಾಶ್ರಿತ ಎಂಬ ಮೊಹರು ಇಲ್ಲದಿದ್ದರೂ ಆಶ್ರಯ ಅರಸಿ ಬಂದವರೇ ಇವರು. ಇಲ್ಲಿಯ ಕನ್ನಡ, ಕೊಂಕಣಿ ಆಡಿ, ಹಿಂದೂ, ಮುಸ್ಲಿಂ, ಕ್ರೈಸ್ತರಾಗಿ ಬಾಳಿ, ಹೊಲದಲ್ಲಿ ಕೂಲಿ ಮಾಡಿದರು. ಇಷ್ಟಾದರೂ ಪೇಟೆಗೆ ಹೋದರೆ ಯಾವ ದೇಶದವರು ಎಂಬ ಪ್ರಶ್ನೆ ತಪ್ಪಲಿಲ್ಲ.

ಭಾರತೀಯ ಕ್ರೀಡಾ ಪ್ರಾಧಿಕಾರ ಹುಟ್ಟಿದ್ದು 1984ರಲ್ಲಿ. ಅದರ ‘ಸ್ಪೆಷಲ್ ಏರಿಯಾ ಗೇಮ್ಸ್’ ಯೋಜನೆಯ ಉದ್ದೇಶ ಸರಳ: ದೂರದ ಸಮುದಾಯಗಳಲ್ಲಿ ಸಹಜವಾಗಿ ಇರುವ ಕಸುವನ್ನು ಹುಡುಕಿ, ಮಕ್ಕಳನ್ನು ಹಾಸ್ಟೆಲಿಗೆ ತಂದು, ಆಧುನಿಕ ತರಬೇತಿ ಕೊಡುವುದು. ರಾಜಸ್ಥಾನದ ಬುಡಕಟ್ಟಿನ ಬಿಲ್ಲುಗಾರ ಲಿಂಬಾ ರಾಮ್ ಸಿಕ್ಕಿದ್ದು ಇಂಥ ಹುಡುಕಾಟದಲ್ಲೇ. ಆತ 1988ರಲ್ಲಿ ಸೋಲ್ ಒಲಿಂಪಿಕ್ಸ್‌ಗೆ ಹೋಗಿ, 1992ರಲ್ಲಿ ಬೀಜಿಂಗ್‌ನಲ್ಲಿ ವಿಶ್ವದಾಖಲೆ ಸರಿಗಟ್ಟಿದ. ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಖಾತೆಯ ರಾಜ್ಯ ಸಚಿವೆಯಾಗಿದ್ದ ಕಾಲದಲ್ಲಿ, 1987ರ ಹೊತ್ತಿಗೆ, ಈ ಯೋಜನೆ ಸಿದ್ದಿಗಳ ಕಡೆ ತಿರುಗಿತು. ಬರಿಗಾಲಲ್ಲಿ ಓಡಿ ಆಯ್ಕೆಯಾದ ಮಕ್ಕಳು ಬೆಂಗಳೂರಿಗೆ ಬಂದರು.

ಕಾಡಿನ ದಾರಿಯಲ್ಲಿ ಶಾಲೆಗೆ ನಡೆಯುತ್ತಿದ್ದ ಮಗು ಒಮ್ಮೆಗೇ ಸ್ಪೈಕ್ಸ್ ತೊಟ್ಟು ಟ್ರ್ಯಾಕಿನ ಮೇಲೆ ನಿಂತಿತು. ಮೂರು ಹೊತ್ತಿನ ಊಟ, ಮೊಟ್ಟೆ, ಹಾಲು, ಓದು, ಬೆಳಿಗ್ಗೆ ಸಂಜೆ ತರಬೇತಿ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಮೊದಲಾದವರ ಹೆಸರುಗಳು ರಾಷ್ಟ್ರಮಟ್ಟದ ಕ್ರೀಡಾಕೂಟಗಳಲ್ಲಿ ಕೇಳತೊಡಗಿದವು. ಕ್ರೀಡಾ ಕೋಟಾದಲ್ಲಿ ಕೆಲವರಿಗೆ ಸರ್ಕಾರಿ ಕೆಲಸಗಳೂ ಸಿಕ್ಕವು. ಒಂದು ಮನೆಗೆ ತಿಂಗಳ ಸಂಬಳ ಬಂದರೆ ಇಡೀ ಕೇರಿಯ ಮಕ್ಕಳು ಶಾಲೆಯ ಕಡೆ ನೋಡುತ್ತಾರೆ. ಪದಕಕ್ಕಿಂತ ದೊಡ್ಡ ಫಲ ಅದೇ.

1993ರಲ್ಲಿ ಸಿದ್ದಿಗಳ ಯೋಜನೆ ನಿಂತಿತು. ಮಕ್ಕಳು ಊರಿಗೆ ಮರಳಿದರು. ಓಟಗಾರನ ಬೆಳವಣಿಗೆಯ ಲೆಕ್ಕ ಬಲ್ಲವರಿಗೆ ಇದು ಎಂಥ ನಷ್ಟ ಎಂದು ಅರ್ಥವಾದೀತು. ಹನ್ನೆರಡು ಹದಿಮೂರನೆಯ ವಯಸ್ಸಿಗೆ ತರಬೇತಿಗೆ ಸೇರಿದ ಮಗು ದೊಡ್ಡವರ ಕೂಟಗಳಲ್ಲಿ ಮೇಲೆ ಬರಲು ಏಳೆಂಟು ವರ್ಷ ಬೇಕು. ಮೊದಲ ನಾಲ್ಕು ವರ್ಷ ಮೈ ಕಟ್ಟುವುದಕ್ಕೆ, ಓಟದ ಧಾಟಿ ತಿದ್ದುವುದಕ್ಕೆ ಹೋಗುತ್ತವೆ. ಆಮೇಲಷ್ಟೇ ಗಡಿಯಾರ ಮಾತಾಡುತ್ತದೆ. ಬೆಳೆ ಕೊಯ್ಲಿಗೆ ಬಂದ ಹೊತ್ತಿಗೆ ನೀರು ನಿಲ್ಲಿಸಿದಂತಾಯಿತು.

ಯೋಜನೆಯ ಬುನಾದಿಯಲ್ಲೇ ಒಂದು ದೋಷವೂ ಇತ್ತು. ಆಫ್ರಿಕಾ ಮೂಲದವರಾದ್ದರಿಂದ ಓಟ ಇವರ ರಕ್ತದಲ್ಲೇ ಇದೆ ಎಂಬ ನಂಬಿಕೆ ಅದರ ಹಿಂದೆ ಕೆಲಸ ಮಾಡಿತ್ತು. ಒಲಿಂಪಿಕ್ಸ್ ಪದಕ ತರಬೇಕಾದ ಜನಾಂಗವೆಂದು ಅವರನ್ನು ಕರೆದು ತಂದವರು, ಪದಕ ತಡವಾದಾಗ ಆಸಕ್ತಿ ಕಳೆದುಕೊಳ್ಳುವುದು ಸಹಜ. ಮೈಬಣ್ಣ ನೋಡಿ ಕೊಟ್ಟ ಅವಕಾಶವೂ ಒಂದು ಬಗೆಯ ಹೊರಗಿಡುವಿಕೆಯೇ. ಸಿದ್ದಿಗಳಿಗೆ ಬೇಕಾದದ್ದು ಭೂಮಿ, ಶಾಲೆ, ಉದ್ಯೋಗ. ಅವುಗಳ ಜೊತೆಗೆ ಆಟ. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಬಂದದ್ದು 2003ರಲ್ಲಿ, ಯೋಜನೆ ಮುಚ್ಚಿ ಹತ್ತು ವರ್ಷವಾದ ಮೇಲೆ. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಆ ಸಮುದಾಯದಿಂದ ಅಲ್ಲಿಗೆ ಹೋದ ಮೊದಲಿಗರಾದರು. ಕಳೆದ ದಶಕದಿಂದ ‘ಬ್ರಿಜಸ್ ಆಫ್ ಸ್ಪೋರ್ಟ್ಸ್’ ಎಂಬ ಸಂಸ್ಥೆ ಮುಂಡಗೋಡದ ಸುತ್ತ ಸಿದ್ದಿ ಮತ್ತಿತರ ಸಮುದಾಯಗಳ ಮಕ್ಕಳಿಗೆ ಅವರ ಊರಿನ ಹತ್ತಿರವೇ ತರಬೇತಿ ಕೊಡುತ್ತಿದೆ. ಮಕ್ಕಳನ್ನು ಊರಿನಿಂದ ಕಿತ್ತು ತರುವ ಹಳೆಯ ಕ್ರಮಕ್ಕಿಂತ ಇದು ವಿವೇಕದ ದಾರಿ.

ಬೆಂಗಳೂರು ಕಲಿತ ಪಾಠ

ನಮ್ಮ ನಗರದ ಒಂದು ಕಹಿ ನೆನಪನ್ನೂ ಇಲ್ಲಿ ದಾಖಲಿಸಬೇಕು. 2012ರ ಆಗಸ್ಟ್‌ನಲ್ಲಿ ಅಸ್ಸಾಂ ಗಲಭೆಯ ಬೆನ್ನಿಗೆ ಮೊಬೈಲುಗಳಲ್ಲಿ ವದಂತಿ ಹರಡಿ, ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದರು. ಸರ್ಕಾರ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಸೆಕ್ಯೂರಿಟಿ ಗಾರ್ಡು, ಹೋಟೆಲ್ ಕೆಲಸಗಾರ, ಬ್ಯೂಟಿ ಪಾರ್ಲರ್ ಹುಡುಗಿ, ಕಾಲೇಜು ವಿದ್ಯಾರ್ಥಿ ಎಲ್ಲರೂ ಆ ಪ್ಲಾಟ್‌ಫಾರಂ ಮೇಲಿದ್ದರು. ಅವರನ್ನು ತಡೆದು, ‘ನಾವಿದ್ದೇವೆ, ಹೋಗಬೇಡಿ’ ಎನ್ನುವಷ್ಟು ಪರಿಚಯದ ನೆರೆಯವರು ಹೆಚ್ಚಿನವರಿಗೆ ಇರಲಿಲ್ಲ.

ಮರುವರ್ಷ ಬೆಂಗಳೂರು ಎಫ್‌ಸಿ ಹುಟ್ಟಿತು. ಮೊದಲ ಋತುವಿನಲ್ಲೇ, 2013–14ರಲ್ಲಿ, ಐ-ಲೀಗ್ ಗೆದ್ದಿತು. ಮೇಘಾಲಯದ ಯುಜಿನ್ಸನ್ ಲಿಂಗ್ಡೊ, ಮಣಿಪುರದ ಉದಾಂತ ಸಿಂಗ್ ಮುಂತಾದವರು ಮುಂದಿನ ವರ್ಷಗಳಲ್ಲಿ ಕಂಠೀರವದಲ್ಲಿ ಚೆಂಡು ಹಿಡಿದು ಓಡಿದಾಗ ಗ್ಯಾಲರಿ ಅವರ ಹೆಸರು ಹಿಡಿದು ಕೂಗಿತು. ಒಂದು ಕ್ಲಬ್ ಒಂದು ನಗರದ ಮನಸ್ಸನ್ನು ಬದಲಿಸಿತು ಎಂದು ಹೇಳಿದರೆ ಅತಿಶಯೋಕ್ತಿಯಾದೀತು. ಆದರೆ ಕಂಡಕಂಡವರನ್ನೆಲ್ಲ ‘ನೇಪಾಳಿ’ ಎಂದು ಕರೆಯುತ್ತಿದ್ದ ಎಷ್ಟೋ ಹುಡುಗರು ಮಣಿಪುರಕ್ಕೂ ಮೇಘಾಲಯಕ್ಕೂ ಇರುವ ಅಂತರವನ್ನು ಫುಟ್‌ಬಾಲಿನಿಂದ ಕಲಿತರು.

ಹೊರಜಗತ್ತಿನಲ್ಲೂ ಇದೇ ಹೊತ್ತಿಗೆ ಹೊಸ ಪ್ರಯೋಗವೊಂದು ರೂಪು ತಳೆಯಿತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ನಿರಾಶ್ರಿತರ ತಂಡ ಮೆರವಣಿಗೆಯಲ್ಲಿ ನಡೆಯಿತು. ಹತ್ತು ಮಂದಿ ಇದ್ದರು. ಅವರಲ್ಲಿ ಐವರು ದಕ್ಷಿಣ ಸುಡಾನಿನ ಓಟಗಾರರು. ಕೆನ್ಯಾದ ಕಾಕುಮ ಶಿಬಿರದಲ್ಲಿ ನಡೆದ ಆಯ್ಕೆಯ ಓಟಗಳಿಂದ ಬಂದ ಅವರಿಗೆ ಮ್ಯಾರಥಾನ್ ಖ್ಯಾತಿಯ ತೆಗ್ಲಾ ಲೊರೂಪ್ ತರಬೇತಿ ಕೇಂದ್ರ ಒದಗಿಸಿದ್ದರು. ಟೋಕಿಯೊದಲ್ಲಿ ತಂಡ 29ಕ್ಕೆ, 2024ರ ಪ್ಯಾರಿಸ್‌ನಲ್ಲಿ 37ಕ್ಕೆ ಬೆಳೆಯಿತು. ಪ್ಯಾರಿಸ್‌ನಲ್ಲಿ ಬಾಕ್ಸರ್ ಸಿಂಡಿ ಎನ್‌ಗಾಂಬಾ ಕಂಚು ಗೆದ್ದು ಈ ತಂಡಕ್ಕೆ ಮೊದಲ ಪದಕ ತಂದರು. ಮೊದಲ ಕೂಟದಲ್ಲಿ ಪದಕ ಬರಲಿಲ್ಲವೆಂದು ಯೋಜನೆ ಮುಚ್ಚಿದ್ದರೆ ಈ ಕಂಚೂ ಇರುತ್ತಿರಲಿಲ್ಲ.

ಸಾರಕ್ಕಿಗೆ ದಕ್ಕುವುದೇನು

ಈ ಚರಿತ್ರೆಯಿಂದ ನಾನು ತೆಗೆದುಕೊಳ್ಳುವ ತೀರ್ಮಾನ ಇಷ್ಟು. ಆಟ ತಾನಾಗಿಯೇ ಯಾರನ್ನೂ ಹತ್ತಿರ ತರುವುದಿಲ್ಲ. ವರ್ಷಕ್ಕೊಮ್ಮೆ ತಪ್ಪದೆ ಬರುವ ಪಂದ್ಯಾವಳಿ, ಅದಕ್ಕೆ ಸರದಿಯ ಮೇಲೆ ಹೊಣೆ ಹೊರುವವರು, ಎಲ್ಲರಿಗೂ ಗೇಟು ತೆರೆದಿರುವ ಮೈದಾನ, ಈ ಮೂರೂ ಕೂಡಿದರೆ ಮಾತ್ರ ಕೆಲಸ ಆಗುತ್ತದೆ. ಟಿಬೆಟನ್ನರಿಗೆ ಮೊದಲೆರಡೂ ಇದ್ದವು, ಮೂರನೆಯದು ಇರಲಿಲ್ಲ. ಸಿದ್ದಿಗಳ ಯೋಜನೆಗೆ ಹಣವಿತ್ತು, ತರಬೇತುದಾರರಿದ್ದರು, ಆದರೆ ಹೊಣೆ ಅವರ ಕೈಯಲ್ಲಿ ಇರಲಿಲ್ಲ. ಹಾಗಾಗಿ ಒಂದು ಕಡತ ಮುಚ್ಚಿದಾಗ ಎಲ್ಲವೂ ಮುಚ್ಚಿತು.

ದಕ್ಷಿಣ ಬೆಂಗಳೂರಿಗೆ ಮೈದಾನಗಳ ಬಡತನ ಬಂದಿದ್ದರೂ ಇನ್ನೂ ಪೂರ್ತಿ ದಿವಾಳಿಯಾಗಿಲ್ಲ. ಜಯನಗರದ ಶಾಲಿನಿ ಗ್ರೌಂಡ್ಸ್ ಇದೆ, ಕಿತ್ತೂರು ರಾಣಿ ಚೆನ್ನಮ್ಮ ಕ್ರೀಡಾಂಗಣ ಇದೆ, ಶಾಲೆಗಳ ಬಯಲುಗಳಿವೆ. ಸಾರಕ್ಕಿಯ ಆಟಗಾರ ಗೆಳೆಯರು ಈ ಸಂಚಿಕೆಯ ಜೊತೆಗೇ ಒಂದು ವಾರ್ಷಿಕ ಫುಟ್‌ಬಾಲ್ ಪಂದ್ಯಾವಳಿ ಘೋಷಿಸಲಿ. ಬೀದಿಗೊಂದು ತಂಡವಿರಲಿ, ಆ ಬೀದಿಯಲ್ಲಿ ಬಾಡಿಗೆಗಿರುವವರೂ ಕೆಲಸಕ್ಕಿರುವವರೂ ಅದರಲ್ಲಿ ಇರಲೇಬೇಕೆಂಬ ನಿಯಮವಿರಲಿ. ಮಾರ್ಕೆಟ್ಟಿನ ಹಮಾಲಿ ಹುಡುಗರಿಗೆ ಬೆಳಗಿನ ಪಾಳಿ ಮುಗಿದ ಮೇಲೆ ಪಂದ್ಯದ ಹೊತ್ತು ಗೊತ್ತುಮಾಡಿ. ನಗರದಲ್ಲಿ ಓದುವ ಟಿಬೆಟನ್, ಈಶಾನ್ಯದ ವಿದ್ಯಾರ್ಥಿಗಳ ತಂಡಗಳನ್ನು ಅತಿಥಿಗಳಾಗಿ ಕರೆಯದೆ ಸ್ಪರ್ಧಿಗಳಾಗಿಯೇ ಕರೆಯಿರಿ. ಮುಂದಿನ ವರ್ಷದ ಆತಿಥ್ಯ ಯಾರದೆಂದು ಬಹುಮಾನ ವಿತರಣೆಯ ದಿನವೇ ವೇದಿಕೆಯ ಮೇಲೆ ಹೇಳಿಬಿಡಿ. ಹೆಸರು ಕೊಡುವವರ ಬಳಿ ಆಧಾರ್ ಕಾರ್ಡು ಕೇಳುವ ಮೊದಲು ಬೂಟಿನ ಅಳತೆ ಕೇಳಿ, ಆಡಿಸಿ.